ರೈಲು ನಿಲ್ದಾಣದ ಗಾಲಿಯಮ್ಮ

ಬೆಳಗಿನ ಮೊದಲ ರೈಲು ಇನ್ನೂ ಬಂದಿಲ್ಲ. ನಿಲ್ದಾಣದ ಪಕ್ಕದ ತಗಡಿನ ಸೂರಿನಡಿ ಮುಂದಿನ ಗಾಲಿಯಿಲ್ಲದ ಸೈಕಲ್ಲುಗಳು ಮೂತಿಯನ್ನು ನೆಲಕ್ಕೂರಿ ಸಾಲಾಗಿ ನಿಂತಿವೆ. ಅವುಗಳ ಗಾಲಿಗಳೆಲ್ಲ ಒಳಕೋಣೆಯ ಕೊಕ್ಕೆಗಳಲ್ಲಿ ನೇತಾಡುತ್ತಿವೆ. ಗಾಲಿಯಮ್ಮ ಒಂದೊಂದನ್ನೇ ಇಳಿಸಿ, ಬಟ್ಟೆಯಲ್ಲಿ ಒರೆಸಿ, ಅದರದರ ಸೈಕಲ್ಲಿಗೆ ಒರಗಿಸಿಡುತ್ತಾರೆ. ಯಾವ ಗಾಲಿ ಯಾವ ಸೈಕಲ್ಲಿನದು ಎಂದು ಅವರು ಯಾರನ್ನೂ ಕೇಳುವುದಿಲ್ಲ.

ಕಳ್ಳರ ಕಾಟ ಹೆಚ್ಚಾದಾಗ ಮಾಡಿಕೊಂಡ ಏರ್ಪಾಡಿದು. ಮುಂದಿನ ಗಾಲಿ ಇಲ್ಲದ ಸೈಕಲ್ಲನ್ನು ಹತ್ತಿ ಓಡುವುದು ಯಾರಿಂದಲೂ ಆಗದು. ಈಗಿನ ಸೈಕಲ್ಲುಗಳಲ್ಲಿ ಗಾಲಿ ಬಿಚ್ಚಲು ಪಾನಾ ಬೇಡ. ಗಾಲಿಯ ನಡುವೆ ತೂರಿದ ಕಡ್ಡಿಯ ಒಂದು ತುದಿಗೆ ಲಿವರ್, ಇನ್ನೊಂದು ತುದಿಗೆ ಪುಟ್ಟ ನಟ್. ಬಿಚ್ಚುವುದು ಕಣ್ಣು ಮಿಟುಕಿಸುವಷ್ಟರ ಕೆಲಸ. ತಪ್ಪಾಗಿ ಹಾಕುವುದೂ ಅಷ್ಟೇ ಸಲೀಸು.

ಈ ಸೂರನ್ನು ಮೊದಲು ನೋಡಿಕೊಳ್ಳುತ್ತಿದ್ದವರು ಗಾಲಿಯಮ್ಮನ ಗಂಡ. ಅವರು ಹಾಸಿಗೆ ಹಿಡಿದ ಮೇಲೆ ಹೆಂಡತಿ ಬಂದು ನಿಂತರು. ಗಂಡ ತೀರಿಹೋದ ಮೇಲೂ ಅಲ್ಲೇ ಉಳಿದರು. ದಿನಕ್ಕೆ ಎಪ್ಪತ್ತು ಎಂಬತ್ತು ಗಾಲಿ ಅವರ ಕೈ ದಾಟಿ ಹೋಗುತ್ತವೆ. ಮೊಮ್ಮಗು ಶಾಲೆಗೆ ಹೋಗಲು ಶುರುಮಾಡಿದ ಮೇಲೆ ಸೊಸೆಯೂ ಜೊತೆಗೆ ಬರುತ್ತಾಳೆ.

ಸೊಸೆ ಮೊದಲ ದಿನ ಮಾಡಿದ ತಪ್ಪನ್ನೇ ಎಲ್ಲರೂ ಮಾಡುತ್ತಾರೆ: ಲಿವರನ್ನು ಮಡಚುವ ಬದಲು ಸುತ್ತಿ ಸುತ್ತಿ ಬಿಗಿ ಮಾಡುವುದು.

"ಏನೇ ಇದು, ನಲ್ಲೀನಾ? ನೀರು ಬರುತ್ತೆ ಅಂತ ತಿರುಗಿಸ್ತಿದ್ದೀಯಾ?" ಎಂದಿದ್ದರಂತೆ ಅತ್ತೆ.

"ಬಂದ್ರೆ ಮುಖ ತೊಳ್ಕೊಳ್ಳಿ ಅತ್ತೆ. ಎದ್ದಾಗಿಂದ ನೀರು ಮುಟ್ಟಿಲ್ಲ ನೀವು."

ಆಮೇಲೆ ಸೊಸೆ ಕಲಿತಳು. ಸೈಕಲ್ಲನ್ನು ನೇರ ನಿಲ್ಲಿಸಿ, ಅದರ ಭಾರಕ್ಕೇ ಗಾಲಿ ಪೂರ್ತಿ ಕೂರುವಂತೆ ಬಿಡಬೇಕು. ಮಡಚುವಾಗ ಲಿವರ್ ಅರ್ಧ ದಾರಿಯಲ್ಲೇ ಬಿಗಿಯತೊಡಗುವಷ್ಟು ನಟ್ಟನ್ನು ತಿರುಗಿಸಿಟ್ಟುಕೊಳ್ಳಬೇಕು. ಉಳಿದರ್ಧವನ್ನು ಅಂಗೈಯಿಂದ ಒತ್ತಿ ಮುಚ್ಚಬೇಕು. ಕೊನೆಗೆ, ಗಾಲಿ ತೆಗೆಯುವಾಗ ಬಿಚ್ಚಿದ್ದ ಬ್ರೇಕನ್ನು ಸಿಕ್ಕಿಸಬೇಕು.

ಗಾಲಿಯಮ್ಮನಿಗೆ ಈಗ ಕಷ್ಟವಾಗಿರುವುದು ಆ ಉಳಿದರ್ಧವೇ. ಬಲಗೈ ಹೆಬ್ಬೆರಳಿನ ಬುಡ ಊದಿಕೊಂಡಿದೆ. ಚಳಿಯ ಬೆಳಗಿನಲ್ಲಂತೂ ಲೋಟ ಹಿಡಿಯುವುದೂ ಕಷ್ಟ. ಮನೆಯಲ್ಲಿ ಅವರು ಯಾರಿಗೂ ಹೇಳಿಲ್ಲ. ಕೈ ಸೋತಿತು ಎಂದು ಸೂರನ್ನು ಇವರಿಗೆ ವಹಿಸಿರುವ ಗುತ್ತಿಗೆದಾರನಿಗೆ ತಿಳಿದರೆ ಅದು ಬೇರೆಯವರ ಪಾಲಾಗುತ್ತದೆಂಬ ಭಯ.

ರೈಲು ಬರುತ್ತದೆ. ರಾತ್ರಿ ಪಾಳಿ ಮುಗಿಸಿದ ಅಚ್ಚುಮನೆಯ ಕೆಲಸಗಾರ ಎಲ್ಲರಿಗಿಂತ ಮುಂದೆ ಓಡಿ ಬರುತ್ತಾನೆ.

"ಬೇಗ ಗಾಲಿಯಮ್ಮಾ, ಕಣ್ಣು ಎಳೀತಿದೆ."

"ಎಳೀಲಿ ಬಿಡಪ್ಪ. ಬೀದೀಲಿ ಬಿದ್ದು ಮಲಗೋದಕ್ಕಿಂತ ಮನೆಗೆ ಹೋಗಿ ಮಲಗು."

ಗಾಲಿ ಕೂರಿಸಿ, ಲಿವರ್ ಮಡಚಿ, ಬ್ರೇಕ್ ಸಿಕ್ಕಿಸಿ ಕೊಡುತ್ತಾರೆ. ಆತ ಒಂದು ಕಾಲು ಎತ್ತುವಷ್ಟರಲ್ಲಿ ಸೊಸೆ ಬಂದು ಹ್ಯಾಂಡಲ್ ಹಿಡಿಯುತ್ತಾಳೆ. "ಒಂದ್ನಿಮಿಷ ನಿಲ್ಲಿ ಅಣ್ಣ." ಸೈಕಲ್ಲಿನ ಮುಂಭಾಗ ಎತ್ತಿ, ಟೈರಿನ ನೆತ್ತಿಗೆ ಮುಷ್ಟಿಯಿಂದ ಗುದ್ದುತ್ತಾಳೆ. ಗಾಲಿ ಟಕ್ಕೆಂದು ಅಲುಗುತ್ತದೆ. ಲಿವರಿಗೆ ಕಿರುಬೆರಳು ಹಾಕಿ ಎಳೆದರೆ ಹಾಗೇ ತೆರೆದುಕೊಳ್ಳುತ್ತದೆ.

"ಅತ್ತೆ, ಇದು ನೀವು ಹಾಕಿದ್ದಾ?"

ಸಾಲಿನಲ್ಲಿ ನಿಂತವರೆಲ್ಲ ನೋಡುತ್ತಿದ್ದಾರೆ. ಗಾಲಿಯಮ್ಮ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾರೆ.

"ನಾನೇ ಹಾಕಿದ್ದು. ನಿನ್ನೆ ತನಕ ಹೇಗೋ ಒತ್ತಿದೆ ಕಣೆ, ಇವತ್ತು ಹೆಬ್ಬೆರಳು ಮಾತು ಕೇಳ್ಲಿಲ್ಲ. ಲಿವರ್ ಸುಲಭಕ್ಕೆ ಮುಚ್ಲಿ ಅಂತ ನಟ್ಟನ್ನ ಅರ್ಧ ಸುತ್ತು ಸಡಿಲ ಬಿಟ್ಟೆ."

ಸೊಸೆ ನಟ್ ಬಿಗಿ ಮಾಡಿ, ಲಿವರನ್ನು ಒತ್ತಿ ಮುಚ್ಚಿ, ಮತ್ತೊಮ್ಮೆ ಗುದ್ದಿ ನೋಡುತ್ತಾಳೆ. ಗಾಲಿ ಅಲುಗುವುದಿಲ್ಲ.

"ಹಾಗಾದ್ರೆ ಗಾಲಿಯಮ್ಮ ರಿಟೈರಾ?" ಅಚ್ಚುಮನೆಯವನು ಕೇಳುತ್ತಾನೆ. ಅವನ ನಿದ್ದೆ ಹಾರಿಹೋಗಿದೆ.

"ಯಾಕೋ, ನಿನಗಷ್ಟು ಆಸೇನಾ? ಕೂರಿಸೋದು ನಾನು, ಬಿಗಿ ಮಾಡೋದು ಇವಳು. ಗುತ್ತಿಗೆದಾರ ಬಂದಾಗ ನಾನೇ ಬಾಯಿಬಿಟ್ಟು ಹೇಳ್ತೀನಿ. ಸೂರು ಇವಳ ಕೈಲಿ ಉಳಿದ್ರೆ ಸಾಕು, ನನಗೆ ಬೇರೇನೂ ಬೇಡ."

ಅವನು ಪೆಡಲು ತುಳಿದು ಹೊರಡುತ್ತಾನೆ. ಗಾಲಿಯಮ್ಮ ಮುಂದಿನ ಸೈಕಲ್ಲಿಗೆ ಗಾಲಿ ಕೂರಿಸಿ, ಲಿವರ್ ಮುಟ್ಟದೆ ಪಕ್ಕಕ್ಕೆ ಸರಿದು ನಿಲ್ಲುತ್ತಾರೆ. ಸರದಿಯಲ್ಲಿದ್ದ ನರ್ಸಮ್ಮನ ಕಿವಿಯ ಹತ್ತಿರ ಬಾಗಿ, ಸೊಸೆಗೆ ಕೇಳಿಸದಷ್ಟು ಮೆಲ್ಲಗೆ ಹೇಳುತ್ತಾರೆ:

"ಅಷ್ಟು ಜನರೆದುರು ಅತ್ತೆ ಕೈಕೆಲಸಾನ ತಡೆದು ನಿಲ್ಲಿಸಿದ್ಲು ನೋಡಿ. ಕಲಿಸಿದ್ದು ನಾನೇ."