ಸಿಂಧೂರ ಹಚ್ಚಿದ ಡಂಬಲ್ಸ್

ಆ ಜಿಮ್ಮಿನ ಮುಂದೆ ಹಾಯುವಾಗ ಈಗ ನಾನು ಮುಖ ಆಚೆ ತಿರುಗಿಸುತ್ತೇನೆ. ಕೊಟ್ಟೂರಿನಲ್ಲಿ ಒಂದು ಬೀಜದಂಗಡಿಯ ಮಹಡಿಯ ಮೇಲಿದೆ ಅದು. ಬೆವರು, ಸೆಂಟು, ಗುಟ್ಕಾ ಮೂರೂ ಕಲಸಿದ ವಾಸನೆ ಕೆಳಗಿನ ರಸ್ತೆಯವರೆಗೂ ಬರುತ್ತದೆ. ಗೋಡೆ ತುಂಬ ಕನ್ನಡಿ. ಒಬ್ಬೊಬ್ಬನೂ ಹತ್ತು ಸಲ ಭಾರ ಎತ್ತಿದರೆ ಇಪ್ಪತ್ತು ಸಲ ತನ್ನ ತೋಳು ತಾನೇ ನೋಡಿಕೊಳ್ಳುತ್ತಾನೆ. ಬಾಗಿಲಿಗೊಂದು ಬೋರ್ಡು: ‘ಇದು ಆಂಜನೇಯನ ಸನ್ನಿಧಿ. ಹೆಂಗಸರಿಗೆ ಪ್ರವೇಶವಿಲ್ಲ.’ ಅಲ್ಲಿಯ ಹುಡುಗರಿಗೆ ಉಸ್ತಾದನಾಗಿ ಅದನ್ನು ಬರೆಸಿ ಹಾಕಿಸಿದ ಮಹಾಶಯ ನಾನೇ.

ನಾನು ಗರಡಿ ಮನೆಯಲ್ಲಿ ಬೆಳೆದವನು. ಅಲ್ಲಿ ಆಂಜನೇಯ ಬ್ರಹ್ಮಚಾರಿ, ಆದ್ದರಿಂದ ಹೆಂಗಸರು ಹೊಸ್ತಿಲು ದಾಟುವಂತಿಲ್ಲ, ಸಾಮಾನು ಮುಟ್ಟುವಂತಿಲ್ಲ. ಯಾಕೆ ಎಂದು ನಾವು ಯಾರೂ ಕೇಳಲಿಲ್ಲ. ಗರಡಿ ಮುಚ್ಚಿದಾಗ ನನ್ನ ಉಸ್ತಾದರು ಎರಡೆರಡು ಕಿಲೋದ ಒಂದು ಜೋಡಿ ಕಬ್ಬಿಣದ ಡಂಬಲ್ಸ್ ನನಗೆ ಕೊಟ್ಟರು. ಮುಪ್ಪಿನಲ್ಲಿ ಅವರ ಕೀಲು ಹಿಡಿದುಕೊಂಡಿತ್ತು. ಅದನ್ನು ಸಡಿಲ ಮಾಡಿಕೊಳ್ಳಲು ಇವನ್ನೇ ಎತ್ತುತ್ತಿದ್ದರು. ಅವನ್ನು ಮನೆಗೆ ತಂದು ದೇವರ ಪಟದ ಕೆಳಗೆ ಇಟ್ಟೆ. ಪ್ರತಿ ಶನಿವಾರ ಎಣ್ಣೆ ಸವರಿ ಸಿಂಧೂರ ಹಚ್ಚುತ್ತಿದ್ದೆ. ಎತ್ತುವುದನ್ನು ಬಿಟ್ಟು ವರ್ಷಗಳಾಗಿದ್ದವು, ಪೂಜೆ ಮಾತ್ರ ಒಂದು ವಾರವೂ ತಪ್ಪಿರಲಿಲ್ಲ.

ನನ್ನ ಹೆಂಡತಿ ಉಜ್ಜಿನಿ ಕಡೆಯ ಹಳ್ಳಿಯೊಂದರ ಶಾಲೆಯಲ್ಲಿ ಇಂಗ್ಲಿಷ್ ಟೀಚರು. ಆ ಭಾಷೆಯಲ್ಲಿ ಡಂಬೆಲ್ ಎಂದರೆ ದಡ್ಡ ಎಂದೂ ಅರ್ಥವಿದೆಯೆಂದು ಅವಳೇ ಒಮ್ಮೆ ಹೇಳಿದ್ದಳು. ಜಿಮ್ಮಿನ ಹುಡುಗರನ್ನು ನೆನೆದು ನಾನು ಬಿದ್ದು ಬಿದ್ದು ನಕ್ಕಿದ್ದೆ.

ಹೋದ ವರ್ಷ ಅವಳು ಶಾಲೆಯ ಮೆಟ್ಟಿಲಲ್ಲಿ ಜಾರಿ ಬಿದ್ದು ಬಲಭುಜದ ಮೂಳೆ ಮುರಿದುಕೊಂಡಳು. ಮೂಳೆ ಕೂಡಿತು, ಭುಜ ಹಿಡಿದುಕೊಂಡಿತು. ಕೈ ಎದೆಮಟ್ಟಕ್ಕೆ ಬಂದರೆ ಅಲ್ಲೇ ನಿಲ್ಲುತ್ತಿತ್ತು. ಹಗರಿಬೊಮ್ಮನಹಳ್ಳಿಯ ಡಾಕ್ಟರು ಖಡಾಖಂಡಿತವಾಗಿ ಹೇಳಿದರು: “ಮೂರು ತಿಂಗಳು ದಿನಾ ವ್ಯಾಯಾಮ ಮಾಡ್ರಿ. ಈಗ ಮ್ಯಾಲ ಏಳ್ಲಿಲ್ಲಂದ್ರ ಮುಂದ ಏಳೂದು ಕಷ್ಟ ಐತಿ.” ತರಗತಿಯ ಬೋರ್ಡಿನ ಮೇಲೆ ಬರೆಯುವ ಕೈ ಅದು. ಬಸ್ಸಿನಲ್ಲಿ ಬರುವಾಗ ಅವಳು ಕಿಟಕಿಯಾಚೆ ನೋಡುತ್ತ, “ನಾನು ಎತ್ತೇ ಎತ್ತತೀನಿ ನೋಡ್ರಿ” ಎಂದಳು.

ಮೊದಲು ನೀರು ತುಂಬಿದ ಬಾಟಲಿ ಹಿಡಿದು ಮಾಡಿದಳು. ಕೈ ಹಣೆಯವರೆಗೆ ಬಂತು. ಇನ್ನು ಎರಡು ಕಿಲೋ ಎತ್ತಬಹುದು, ಡಂಬಲ್ಸ್ ತಗೊಳ್ಳಿ ಎಂದರು ಡಾಕ್ಟರು. ಅವಳು ದೇವರ ಪಟದ ಕಡೆ ನೋಡಿದಳು, ನಾನು ನೆಲ ನೋಡಿದೆ. “ಹೊಸಪೇಟಿಯಿಂದ ಹೊಸಾವು ತರಸ್ತೀನಿ ತಡಿ” ಎಂದೆ. ಇವತ್ತು ನಾಳೆ ಎಂದು ಒಂದು ತಿಂಗಳು ತಳ್ಳಿದೆ. ನನ್ನ ಸೋಮಾರಿತನಕ್ಕೂ ಆಂಜನೇಯನ ಕಾವಲು ಇತ್ತು.

ಒಂದು ಶುಕ್ರವಾರ ಸಂಜೆ ನನ್ನ ಕಿರಾಣಿ ಅಂಗಡಿಯಿಂದ ಬೇಗ ಬಂದೆ. ಚಹಾ ಕೊಟ್ಟಳು. ಲೋಟದ ಮೇಲೆ ಬೆರಳಿನ ಕೆಂಪು ಗುರುತು. ಅವಳ ಅಂಗೈ ನೋಡಿದೆ, ಸಿಂಧೂರ. “ಎಷ್ಟ ದಿನಾ ಆತು?” ಎಂದೆ.

“ಇಪ್ಪತ್ತು ದಿನಾ ಆತ್ರಿ” ಎಂದಳು. ಹೆದರಿರಲಿಲ್ಲ, ಖುಷಿಯಲ್ಲಿದ್ದಳು. “ಇಲ್ನೋಡ್ರಿ” ಎಂದು ಬಲಗೈ ಎತ್ತಿದಳು. ಅದು ಹಣೆ ದಾಟಿ, ತಲೆ ದಾಟಿ, ನಡುಗುತ್ತ ನಡುಗುತ್ತ ಮೇಲೆ ಹೋಯಿತು. ಯಾವ ಗಂಡನಾದರೂ ಕುಣಿದಾಡಬೇಕಾದ ಗಳಿಗೆ. ನಾನು ಚಹಾ ಅಲ್ಲೇ ಬಿಟ್ಟು ಜಿಮ್ಮಿಗೆ ಓಡಿದೆ.

ಹೆಂಗಸು ಮುಟ್ಟಿದ ಮೈಲಿಗೆಗೆ ಅಲ್ಲಿ ಪರಿಹಾರ ಕೇಳಿದೆ! ಯಾರನ್ನು? ನನ್ನನ್ನು ಉಸ್ತಾದ ಎನ್ನುವ, ಕನ್ನಡಿಯ ಮುಂದೆ ಅಂಗಿ ಬಿಚ್ಚಿ ನಿಂತಿದ್ದ ಆ ಗುಂಡುಕಲ್ಲುಗಳನ್ನು. ಒಬ್ಬ ಕಿಟಕಿಯಿಂದ ಗುಟ್ಕಾ ಉಗುಳಿ, “ಗೋಮೂತ್ರದಾಗ ತೊಳೀರಿ ಉಸ್ತಾದ್ರೇ, ಒಂದು ಶನಿವಾರ ಉಪಾಸ ಮಾಡ್ರಿ” ಎಂದ. ಇನ್ನೊಬ್ಬ ಮೊಬೈಲಿನಿಂದ ತಲೆ ಎತ್ತದೆಯೇ, “ಅಕ್ಕಾರಿಗೆ ಸ್ವಲ್ಪ ಬುದ್ಧಿ ಹೇಳ್ರಿ” ಎಂದ. ಅವನ ಕೆನ್ನೆಗೆ ಬಿಗಿಯಬೇಕಿತ್ತು. ನಾನು ಹೌದೆಂದು ತಲೆಯಾಡಿಸಿದೆ.

ಮನೆಗೆ ಬಂದು ಹಿತ್ತಲ ಬಚ್ಚಲಲ್ಲಿ ಕೂತು ಆ ಜೋಡಿಯನ್ನು ತೊಳೆದೆ. ಗೋಮೂತ್ರ ಸುರಿದೆ, ಹುಣಸೆಹಣ್ಣು ಹಾಕಿ ತಿಕ್ಕಿದೆ, ಮತ್ತೆ ನೀರು ಸುರಿದೆ. ಬಚ್ಚಲು ಗಬ್ಬು ನಾರಿತು. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದಳು. ನಾನು ಅವಳ ಮುಖ ನೋಡಲಿಲ್ಲ, ಅಂಗೈ ನೋಡಿ, “ನೀನೂ ಕೈ ತೊಳ್ಕೋ” ಎಂದೆ. ಇಪ್ಪತ್ತಾರು ವರ್ಷ ನನಗೆ ರೊಟ್ಟಿ ತಟ್ಟಿ ಹಾಕಿದ ಕೈಗೆ ಹೇಳಿದ ಮಾತು ಇದು. ಅವಳು ಕೈ ತೊಳೆದುಕೊಂಡಳು. ನಾನು ಜೋಡಿಯನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ.

ಮರುದಿನದಿಂದ ಅವಳು ಬಾಟಲಿಯನ್ನೂ ಮುಟ್ಟಲಿಲ್ಲ. ಜಗಳವಾಡಲಿಲ್ಲ, ಊಟಕ್ಕೆ ಕಡಿಮೆ ಮಾಡಲಿಲ್ಲ, ನಾನು ಮಾತಾಡಿಸಿದರೆ ಮಾತಾಡುತ್ತಿದ್ದಳು. ವ್ಯಾಯಾಮ ಮಾತ್ರ ಬಿಟ್ಟಳು. ಕೋಪ, ನಾಲ್ಕು ದಿನಕ್ಕೆ ಇಳಿಯುತ್ತದೆ ಅಂದುಕೊಂಡೆ. ನಾಲ್ಕು ದಿನ ಎರಡು ತಿಂಗಳಾಯಿತು.

ಮತ್ತೆ ಡಾಕ್ಟರ ಹತ್ತಿರ ಹೋದಾಗ ಅವರು ಅವಳ ಕೈ ಹಿಡಿದು ಎತ್ತಿದರು. ಭುಜದ ಮಟ್ಟಕ್ಕೆ ಬಂದು ಕಚ್ಚಿಕೊಂಡಿತು. ಅವಳು ಹಲ್ಲು ಕಚ್ಚಿದಳು.

“ಏನ್ ಟೀಚರ್, ಇಷ್ಟ್ ಚಲೋ ಬಂದಿದ್ದ ಕೈ! ಯಾಕ ಬಿಟ್ರಿ?”

“ನಾನು ಎತ್ತಿದ್ರ ಮನಿಯಾಗ ಮೈಲಿಗಿ ಆಗ್ತಿತ್ರಿ” ಎಂದಳು, ಪಾಠ ಒಪ್ಪಿಸುವ ಹಾಗೆ. ಡಾಕ್ಟರು ಮೊದಲು ನಕ್ಕರು. ಆಮೇಲೆ ನನ್ನ ಕಡೆ ತಿರುಗಿದರು. ಅವರಿಗೆ ಅರ್ಥವಾಯಿತು. ಇನ್ನು ಆಪರೇಷನ್ ಮಾಡಿದರೂ ಪೂರ್ತಿ ಏಳುವ ಭರವಸೆ ಇಲ್ಲ ಎಂದು ನನ್ನನ್ನೇ ನೋಡಿ ಹೇಳಿದರು.

ಆ ಸಂಜೆಯೇ ಟ್ರಂಕು ತೆರೆದು, ಡಂಬಲ್ಸ್ ಎರಡನ್ನೂ ತಂದು ಅವಳ ಮುಂದಿಟ್ಟೆ. “ತಪ್ಪಾತು, ನನ್ನಂಥ ಹೊಲಸು ಮನಶ್ಯಾ ಇಲ್ಲ” ಎಂದೆ. ಅಳು ಬಂತು, ಅತ್ತೆ. ನನ್ನ ಅಳುವೂ ನನಗೆ ಹೇಸಿಗೆಯಾಯಿತು.

ಅವಳು ಒಂದನ್ನು ಎಡಗೈಯಲ್ಲಿ ಎತ್ತಿಕೊಂಡು ಹೋಗಿ, ಗಾಳಿಗೆ ಬಡಿಯುತ್ತಿದ್ದ ಹಿತ್ತಲ ಬಾಗಿಲಿಗೆ ಆನಿಸಿ ಇಟ್ಟಳು. ಈಗಲೂ ಅದು ಅಲ್ಲೇ ಇದೆ. ದಿನಾ ರಾತ್ರಿ ಮಲಗುವ ಮುಂಚೆ ಅವಳು ಅದನ್ನು ಕಾಲಿನಿಂದ ಪಕ್ಕಕ್ಕೆ ನೂಕಿ ಬಾಗಿಲು ಮುಚ್ಚುತ್ತಾಳೆ. ಗಾಳಿಗೆ ತೆರೆಯದಂತೆ ಎಡಗೈ ಬಾಗಿಲು ಹಿಡಿದಿರುತ್ತದೆ, ಮೇಲಿನ ಚಿಲಕ ಬಲಗೈಗೆ ಎಟುಕುವುದಿಲ್ಲ. ನಾನು ಎದ್ದು ಬರುವವರೆಗೆ ಬಾಗಿಲು ಒತ್ತಿ ಹಿಡಿದು ನಿಂತಿರುತ್ತಾಳೆ.