ಹೆಸರು ಕಾಯುವ ಕಚೇರಿಯಲ್ಲಿ

ಮಡಿಕೇರಿಯಲ್ಲಿ ಆಗ ಇನ್ನೂ ಬ್ರಿಟಿಷ್ ಕಮಿಷನರರ ಆಡಳಿತ. ನನಗೆ ಇಪ್ಪತ್ತೆರಡು. ಚೆಟ್ಟಳ್ಳಿ ಕಡೆಯ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ ಅಪ್ಪ, ಎಸ್ಟೇಟಿನ ಬಿಳಿ ದೊರೆಯಿಂದ ಶಿಫಾರಸು ಪತ್ರ ಬರೆಸಿ ನನ್ನನ್ನು ಪೇಟೆಯ ಒಂದು ಪ್ರಚಾರ ಏಜೆನ್ಸಿಗೆ ಸೇರಿಸಿದರು. ಎಸ್ಟೇಟುಗಳ ಬಗ್ಗೆ ಜನ ಒಳ್ಳೆಯದನ್ನೇ ಆಡುವ ಹಾಗೆ ಬರೆಯುವುದು ಅಲ್ಲಿನ ಕೆಲಸ. ಪತ್ರಿಕೆಗಳಿಗೆ ಸುದ್ದಿ ಕಳಿಸುತ್ತಿದ್ದೆವು. ಆಳುಗಳನ್ನು ಕರೆತರುವ ಮೇಸ್ತ್ರಿಗಳು ಹಾಸನದ ಹಳ್ಳಿಗಳಲ್ಲಿ ಓದಿ ಹೇಳಲು ಕರಪತ್ರ ಮಾಡಿಕೊಡುತ್ತಿದ್ದೆವು.

ಕನ್ನಡ ಬರೆಯುವವರು ಇಬ್ಬರೇ. ನಾನು, ಮತ್ತು ಮೊದಲು ಶಾಲೆಯಲ್ಲಿ ಕನ್ನಡ ಪಂಡಿತರಾಗಿದ್ದ ಒಬ್ಬ ಹಿರಿಯರು. ಒಂದೇ ಮೇಜು, ಎದುರುಬದುರು ಕುರ್ಚಿ. ಮಧ್ಯಾಹ್ನ ಅವರು ತಮ್ಮ ಬುತ್ತಿಯ ಉಪ್ಪಿನಕಾಯಿಯನ್ನು ಕೇಳದೆಯೇ ನನ್ನ ಎಲೆಗೆ ಹಾಕುತ್ತಿದ್ದರು.

ತಿಂಗಳಾಗುತ್ತಿದ್ದಂತೆ ಮ್ಯಾನೇಜರು ನನ್ನನ್ನು ಒಳಗೆ ಕರೆದು, "ಇಲ್ಲಿ ತಲೆ ಇರುವವನು ನೀನೊಬ್ಬನೇ. ಪಂಡಿತರಿಗೆ ಅದು ಸಹಿಸುತ್ತಿಲ್ಲ. ಅವರ ಹತ್ತಿರ ಹುಷಾರು" ಎಂದರು. ಮರುದಿನದಿಂದ ಬರೆದ ಹಾಳೆಗಳನ್ನು ಪಂಡಿತರಿಗೆ ಕಾಣದಂತೆ ಮಗುಚಿಡತೊಡಗಿದೆ. ವಾರದೊಳಗೆ ಪಂಡಿತರೂ ಮಗುಚಿಡತೊಡಗಿದರು. ಉಪ್ಪಿನಕಾಯಿ ನಿಂತಿತು, ಮಾತೂ ನಿಂತಿತು.

ಮ್ಯಾನೇಜರು ಒಂದು ದಿನ ಹೆಗಲ ಮೇಲೆ ಕೈ ಹಾಕುವರು, ಇನ್ನೊಂದು ದಿನ ನಮಸ್ಕಾರಕ್ಕೂ ತಿರುಗಿ ನೋಡರು. ಒಮ್ಮೆ ನನ್ನ ಬರಹವನ್ನು ಎಲ್ಲರೆದುರು ಹರಿದು, "ಇದು ಕನ್ನಡವಾ?" ಎಂದರು. ಆಮೇಲೆ ಪತ್ರಿಕೆಯಲ್ಲಿ ಅಚ್ಚಾಗಿ ಬಂದದ್ದು ಅದೇ ಬರಹ.

"ಸಾರ್, ಇದು ನಾನು ಬರೆದದ್ದೇ ಅಲ್ಲವಾ?"

"ನೀನು ಬರೆದದ್ದು ಅಂತ ಯಾರು ಹೇಳಿದರು?"

ನಿಜಕ್ಕೂ ನಾನೇ ಬರೆದೆನೋ ಇಲ್ಲವೋ ಎಂದು ಮನೆಗೆ ಹೋಗುವ ದಾರಿಯುದ್ದಕ್ಕೂ ಯೋಚಿಸಿದೆ.

ಕಾಫಿ ಕೊಯ್ಲು ಶುರುವಾದ ಮೇಲೆ ಒಂದು ಮಧ್ಯಾಹ್ನ ಸುಂಟಿಕೊಪ್ಪದ ಕಡೆಯ ಎಸ್ಟೇಟಿನಿಂದ ಒಬ್ಬ ಆಳು ಬಂದ. ಹೆಂಡತಿ ಕಂಬಳಿ ಹೊದ್ದು ಮೆಟ್ಟಿಲ ಮೇಲೆ ನಡುಗುತ್ತ ಕೂತಿದ್ದಳು. ಅವನ ಕೈಯಲ್ಲಿ ನಮ್ಮ ಕರಪತ್ರ. ಅದರ ಅಡಿಯಲ್ಲಿದ್ದ ವಿಳಾಸವನ್ನು ಬಸ್ಸಿನಲ್ಲಿ ಯಾರಿಂದಲೋ ಓದಿಸಿಕೊಂಡಿದ್ದ.

"ಲೈನಿಗೇ ಡಾಕ್ಟ್ರು ಬತ್ತಾರೆ ಅಂತ ಮೇಸ್ತ್ರಿ ಇದ್ರಲ್ಲಿ ಓದಿದ್ರು ಸ್ವಾಮಿ. ಎಲ್ಡು ತಿಂಗ್ಳಾತು, ಬರ್ಲಿಲ್ಲ. ಡಾಕ್ಟ್ರು ಇಲ್ಲೇನಾದ್ರೂ ಅವ್ರಾ?"

ಆಳುಗಳ ಸಾಲುಮನೆಗೇ ಡಾಕ್ಟರು ಬರುತ್ತಾರೆ ಎಂಬ ಆ ಮಾತು ಬರೆದವನು ನಾನೇ. "ಡಾಕ್ಟರು ಅಂತ ಸೇರಿಸು, ಇವತ್ತಲ್ಲ ನಾಳೆ ಬರುತ್ತಾರೆ" ಎಂದು ಮ್ಯಾನೇಜರು ಹೇಳಿದ್ದರು, ಸೇರಿಸಿದ್ದೆ. ಈಗ ಅವರು ಬಾಗಿಲಲ್ಲಿ ನಿಂತು, "ಬರೆದವನು ಅವನು, ಅವನನ್ನೇ ಕೇಳು" ಎಂದು ಒಳಗೆ ಹೋದರು.

ಪಂಡಿತರು ಎದ್ದು ಕೊಡೆ ತೆಗೆದುಕೊಂಡು ನನ್ನ ಕಡೆ ತಿರುಗಿದರು. "ಏಳಪ್ಪಾ, ಆಸ್ಪತ್ರೆಗೆ ಕರೆದುಕೊಂಡು ಹೋಗೋಣ." ನಾಲ್ಕು ತಿಂಗಳಲ್ಲಿ ಅವರು ನನ್ನೊಡನೆ ಆಡಿದ ಮೊದಲ ಮಾತು ಅದು.

ಆ ಹೆಂಗಸನ್ನು ಸರ್ಕಾರಿ ಆಸ್ಪತ್ರೆಗೆ ಸೇರಿಸಿದ ಮೇಲೆ, ಹೊರಗಿನ ಜಗಲಿಯಲ್ಲಿ ಕೂತಾಗ ಧೈರ್ಯ ಮಾಡಿ ಕೇಳಿದೆ. "ನನ್ನ ಮೇಲೆ ನಿಮಗೆ ಯಾಕೆ ಅಸಮಾಧಾನ?"

"ನನಗಾ? ನೀನು ನನ್ನ ಕೆಲಸದ ಮೇಲೆ ಕಣ್ಣಿಟ್ಟಿದ್ದೀಯ ಅಂತಲ್ಲವಾ ಮ್ಯಾನೇಜರು ಹೇಳಿದ್ದು?"

ಇಬ್ಬರೂ ನಕ್ಕುಬಿಡಬೇಕಿತ್ತು. ನಗಲಿಲ್ಲ. ಇವರು ಹೇಳುತ್ತಿರುವುದಾದರೂ ನಿಜವೇ ಎಂದು ನಾನು ಅವರ ಮುಖ ನೋಡುತ್ತಿದ್ದೆ. ಅವರೂ ನನ್ನ ಮುಖವನ್ನು ಹಾಗೆಯೇ ನೋಡುತ್ತಿದ್ದರು.

ಮರುದಿನ ಇಬ್ಬರ ಕೆಲಸವೂ ಹೋಯಿತು ಎಂದುಕೊಂಡೇ ಬಂದೆ. ಮ್ಯಾನೇಜರು ಎಲ್ಲರೆದುರು ನನ್ನ ಕೈ ಕುಲುಕಿದರು. "ನಮ್ಮ ಮರ್ಯಾದೆ ಉಳಿಸಿದೆ. ಕಾಯಿಲೆಯ ಆಳನ್ನು ಎಸ್ಟೇಟಿನವರು ಎಷ್ಟು ಕಾಳಜಿಯಿಂದ ಆಸ್ಪತ್ರೆಗೆ ಸೇರಿಸಿದರು ಅಂತ ಪತ್ರಿಕೆಗೆ ಬರೆ." ಪಂಡಿತರ ಕಡೆ ತಿರುಗಿಯೂ ನೋಡಲಿಲ್ಲ.

ನಾನು ಬರೆದೆ. ಹೊಗಳಿಸಿಕೊಂಡ ಖುಷಿ ಇನ್ನೂ ಮೈಯಲ್ಲಿತ್ತು. ನಾಚಿಕೆಯೂ ಇತ್ತು. ಎರಡರಲ್ಲಿ ಯಾವುದು ಹೆಚ್ಚಿತ್ತೋ ಈಗಲೂ ಹೇಳಲಾರೆ. ಪಂಡಿತರು ಹಾಳೆ ಎಳೆದುಕೊಂಡು ಓದಿ, ತಪ್ಪಿದ್ದ ಒಂದು ಒತ್ತಕ್ಷರ ತಿದ್ದಿ, ನನ್ನ ಮುಂದೆ ವಾಪಸ್ಸಿಟ್ಟರು. ಮುಂದಿನ ವಾರ ಕೆಲಸ ಬಿಟ್ಟು ಊರಿಗೆ ಹೋದರು. ಆ ತಿದ್ದುಪಡಿ ಸಹಾಯವೋ, ಹಂಗಿಸಿದ್ದೋ?

"ಎಂಥಾ ಒಳ್ಳೆಯ ಮನುಷ್ಯ, ನಿನ್ನ ದೆಸೆಯಿಂದ ಹೋದರು" ಎಂದರು ಮ್ಯಾನೇಜರು.

ಆ ಹೆಂಗಸು ಹತ್ತು ದಿನದಲ್ಲಿ ಚೇತರಿಸಿಕೊಂಡಳು. ಗಂಡ ಹೆಂಡತಿ ಎಸ್ಟೇಟಿಗೆ ಹೋಗದೆ ನೇರ ತಮ್ಮ ಊರಿಗೆ ಹೋದರು. ಕರಪತ್ರದಲ್ಲಿ ಡಾಕ್ಟರು ಹಾಗೇ ಉಳಿದರು. ಮಳೆಗಾಲ ಬರುವವರೆಗೂ ನಾನೂ ಅಲ್ಲೇ ಉಳಿದೆ.

ಕೊನೆಗೆ ಗೋಣಿಕೊಪ್ಪಲಿನ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು. ಪಂಡಿತರಿಗೆ ಉದ್ದನೆಯ ಕಾಗದ ಬರೆದು, ಮೇಷ್ಟ್ರಾದದ್ದನ್ನು ತಿಳಿಸಿ, ನನ್ನ ತಪ್ಪೇನಿತ್ತು ಎಂದು ಕೇಳಿದೆ. ಅವರ ಉತ್ತರ ಬಂತು. ಆ ಕಚೇರಿಯ ಸುದ್ದಿಯೇ ಅದರಲ್ಲಿರಲಿಲ್ಲ. ಮಕ್ಕಳಿಗೆ ಹೊಡೆಯಬೇಡ ಎಂದಷ್ಟೇ ಬರೆದಿದ್ದರು.

ಶಾಲೆಯಲ್ಲಿ ಹೆಡ್‌ಮಾಸ್ಟರರು ಮೊದಲ ಸಲ, "ಪಾಠ ಚೆನ್ನಾಗಿತ್ತು" ಎಂದಾಗ, "ಯಾರಾದರೂ ದೂರು ಹೇಳಿದರಾ ಸಾರ್?" ಎಂದು ಕೇಳಿದೆ. ಅವರಿಗೆ ಅರ್ಥವಾಗಲಿಲ್ಲ. "ಇಲ್ಲವಲ್ಲ, ಯಾಕೆ?" ಎಂದು ನನ್ನನ್ನೇ ನೋಡುತ್ತ ನಿಂತರು.