ಒನಕೆ ಎತ್ತಿದ ಕೈ

ಬನಹಟ್ಟಿಯ ನೇಕಾರರ ಓಣಿಯಲ್ಲಿ ನನ್ನ ಕೈ ಎರಡು ಕಾರಣಕ್ಕೆ ಗೊತ್ತಿತ್ತು. ಸೀರೆ ನೇಯುವುದರಲ್ಲಿ ಛಲೋ ಕೈ, ಜಗಳದಲ್ಲಿ ಕೆಟ್ಟ ಕೈ. ಅಪ್ಪ ತೀರಿಕೊಂಡ ವರ್ಷ ಮಗ್ಗದ ಕೋಣೆ ಯಾರ ಪಾಲಿಗೆ ಎಂಬ ಮಾತು ಬೆಳೆಯಿತು. ನಾನು ಒನಕೆ ಎತ್ತಿ ಅಣ್ಣನ ಬಲ ಮೊಣಕೈಗೆ ಹೊಡೆದೆ. ಓಣಿಯವರು ಓಡಿಬಂದಾಗ ಅಟ್ಟದಿಂದ ಬಿದ್ದ ಎಂದೆ. ಅಣ್ಣ ಅವ್ವನ ಮುಖ ನೋಡಿ ಸುಮ್ಮನೆ ಹೂಂ ಅಂದ.

ಅವನ ಕೈ ಸೊಟ್ಟಾಗಿ ಕೂಡಿತು. ಲಾಳಿ ಓಡಿಸಲು ಆಗದೆ ಮಗ್ಗ ಬಿಟ್ಟು, ಬಟ್ಟೆಯ ಗಂಟು ಹೊತ್ತು ಮಹಾಲಿಂಗಪುರದ ಸಂತೆಗೆ ಹೋಗತೊಡಗಿದ. ನಮ್ಮಿಬ್ಬರ ಮಾತು ನಿಂತಿತು. ಕೋಣೆ ಅವನಿಗೇ ಬಿಟ್ಟು ನಾನು ಬೇರೆ ಮನೆಯಲ್ಲಿ ಬೇರೆ ಮಗ್ಗ ಹೂಡಿದೆ. ಅವ್ವ ಅವನ ಜೊತೆ ಉಳಿದಳು.

ಜಮಖಂಡಿ ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದಮೇಲೆ ನನಗೆ ವಿಷಮಜ್ವರ ಬಂತು. ವಾರಗಟ್ಟಲೆ ಇಳಿಯದಿದ್ದಾಗ ಅವ್ವ ದೂರದ ಮಿಶನ್ ದವಾಖಾನೆಗೆ ಒಯ್ದು ಹಾಕಿದಳು. ಪಕ್ಕದ ಕಾಟಿನ ಮೇಲೆ ಮುಧೋಳದ ಕಡೆಯ ಮುದುಕರೊಬ್ಬರಿದ್ದರು, ಕ್ರೈಸ್ತ ಉಪದೇಶಿಗಳು. ಕಣ್ಣಿನ ಆಪರೇಶನ್ ಆಗಿ ಪಟ್ಟಿ ಕಟ್ಟಿದ್ದರು. ನನಗೆ ಜ್ವರ ಇಳಿದಮೇಲೆ, ಓದಲು ಬರುತ್ತದೆಯೇ ಎಂದು ಕೇಳಿ, ಯೇಸುಸ್ವಾಮಿಯ ಚರಿತ್ರೆ ಓದಿಸಿಕೊಂಡರು. ಹೊತ್ತು ಹೋಗಲೆಂದು ದಿನಾ ಓದುತ್ತಿದ್ದೆ. ಒಂದು ಮಧ್ಯಾಹ್ನ, ಹೊಡೆದವರ ಮೇಲೆ ಕೈ ಎತ್ತದೆ ಆತ ಅವರಿಗಾಗಿಯೇ ಬೇಡಿಕೊಂಡ ಜಾಗ ಬಂತು. ಅಲ್ಲಿಗೇ ಪುಸ್ತಕ ಮುಚ್ಚಿದೆ.

ಯಾಕೆ ನಿಲ್ಲಿಸಿದಿರಿ ಎಂದು ಮುದುಕರು ಕೇಳಿದರು. ಯಾರಿಗೂ ಹೇಳದ್ದನ್ನು ಅವರಿಗೆ ಹೇಳಿಬಿಟ್ಟೆ. ಅವರು ಪಟ್ಟಿ ಕಟ್ಟಿದ ಮುಖವನ್ನು ನನ್ನ ಕಡೆ ತಿರುಗಿಸಿದರು.

"ಹೇಳಿದ್ದು ಛಲೋ ಆತು. ಆದ್ರ ಹೊಡತ ತಿಂದಾಂವ ನಾ ಅಲ್ಲಲ್ರೀ."

ಆ ದಿನವೇ ನಿಶ್ಚಯಿಸಿದೆ. ಆ ಸ್ವಾಮಿಯನ್ನು ನಂಬುವುದಾದರೆ ಅರ್ಧ ನಂಬುವುದಿಲ್ಲ.

ಊರಿಗೆ ಬಂದು, ನಡೆಯುವಷ್ಟು ಶಕ್ತಿ ಬಂದಕೂಡಲೇ ಓಣಿಯ ಹಿರಿಯರನ್ನು ಅಣ್ಣನ ಕಟ್ಟೆಗೆ ಕರೆದೆ. ಅವನು ಬೀಳಲಿಲ್ಲ, ನಾನೇ ಹೊಡೆದೆ ಎಂದೆ. ಯಾರೋ ಥೂ ಅಂದರು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಅಣ್ಣ ಮಾತ್ರ ಸಿಟ್ಟು ಮಾಡಲಿಲ್ಲ.

"ಈಗ ಹೇಳಿದ್ರ ಕೈ ನೆಟ್ಟಗಾಕ್ಕೈತೇನು?"

"ಇಲ್ಲ. ನಿನ್ನ ಮಗ್ಗಾ ನಾ ನೇಯ್ತೇನಿ."

ಅವನು ಎದ್ದು ಬಾಗಿಲು ಹಾಕಿಕೊಂಡ. ಮರುದಿನ ಮುಂಜಾನೆ ಹೋಗಿ ನಿಂತೆ, ತೆರೆಯಲಿಲ್ಲ. ದಿನಾ ಹೋದೆ. ಎರಡು ವಾರದ ಮೇಲೆ ಅವ್ವ ಬಾಗಿಲು ತೆಗೆದು ಮಗ್ಗದ ಕೋಣೆ ತೋರಿಸಿದಳು. ಮಗ್ಗದ ಮೇಲಿನ ಹಾಸು ನೂಲು ಕೊಳೆತಿತ್ತು, ಇಲಿ ಹಗ್ಗ ಕಡಿದಿತ್ತು. ಸಜ್ಜು ಮಾಡಲು ಎಂಟು ದಿನ ಹಿಡಿಯಿತು. ಆಮೇಲೆ ಮಧ್ಯಾಹ್ನದವರೆಗೆ ಅಣ್ಣನ ಮಗ್ಗ, ಆಮೇಲೆ ನನ್ನದು. ಅವನ ಮಗ್ಗದ ಸೀರೆಗಳನ್ನು ಅವನೇ ಸಂತೆಗೆ ಒಯ್ಯುತ್ತಿದ್ದ. ನನ್ನ ಕಡೆ ನೋಡುತ್ತಿರಲಿಲ್ಲ.

ಕೈ ಸುಲಭಕ್ಕೆ ಬದಲಾಗಲಿಲ್ಲ. ಒಮ್ಮೆ ರಬಕವಿಯ ಪೇಟೆಯಲ್ಲಿ ಒಬ್ಬ ನನ್ನ ಹೊಸ ನಂಬಿಕೆಯನ್ನು ಹೀಯಾಳಿಸಿ ಟೊಪ್ಪಿಗೆ ಕಿತ್ತೆಸೆದ. ಮುಷ್ಟಿ ತಾನೇ ಬಿಗಿಯಿತು. ಅದನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು, ಟೊಪ್ಪಿಗೆ ಅಲ್ಲೇ ಬಿಟ್ಟು ನಡೆದೆ. ಮನೆ ಮುಟ್ಟುವವರೆಗೂ ಹಿಡಿದ ಕೈ ಬಿಡಲಿಲ್ಲ. ಇಷ್ಟೂ ನನ್ನ ಬಲದಿಂದ ಆಗಿದ್ದಲ್ಲ ಎಂದು ಅವತ್ತು ಖರೆ ಗೊತ್ತಾಯಿತು.

ದೀಕ್ಷಾಸ್ನಾನಕ್ಕೆ ಅವಸರ ಬೇಡವೆಂದು ದವಾಖಾನೆಯ ಆ ಉಪದೇಶಿಗಳೇ ಒಂದು ವರ್ಷ ತಡೆದಿದ್ದರು. ಮನೆದೇವರನ್ನು ಬಿಡುತ್ತೀಯಾ ಎಂದು ಅವ್ವ ಅತ್ತಳು. ಅವಳನ್ನು ಬಿಡುವುದಿಲ್ಲ, ಆದರೆ ಹಿಡಿದ ದಾರಿಯನ್ನೂ ಬಿಡಲಾರೆ ಎಂದೆ. ಹಿಪ್ಪರಗಿಯ ಹತ್ತಿರ ಕೃಷ್ಣೆಯ ನೀರಿನಲ್ಲಿ ಉಪದೇಶಿಗಳು ನನ್ನನ್ನು ಮುಳುಗಿಸಿ ಎತ್ತಿದಾಗ ನಮ್ಮ ಓಣಿಯವರು ಯಾರೂ ಇರಲಿಲ್ಲ.

ಮರುದಿನ ಎಂದಿನಂತೆ ಹೋಗಿ ಅಣ್ಣನ ಮಗ್ಗದ ಕುಣಿಗೆ ಇಳಿದೆ. ಬಹಳ ಹೊತ್ತಾದ ಮೇಲೆ ಅವನು ಬಂದು ಪಕ್ಕದಲ್ಲಿ ಕೂತ. ನೇಯ್ದಷ್ಟನ್ನು ಎಡಗೈಯಿಂದ ಸವರಿ ನೋಡಿದ.

"ಅಂಚು ಸಡ್ಲ ಆಗೇತಿ. ಬಿಚ್ಚು," ಅಂದ.

ಬಿಚ್ಚಿದೆ. ಅವನು ನೋಡುತ್ತ ಕೂತ, ನಾನು ಮತ್ತೆ ನೇಯ್ದೆ.